ರಾಜೀನಾಮೆ ಬರೆದುಕೊಡುವ ಮುನ್ನ

ಎಚ್‌.ಆರ್‌. ಕೋಣೆಯಿಂದ ಕರೆ ಬರುತ್ತದೆ. ಒಳಗೆ ಹೋದರೆ ಎದುರಿಗೆ ಇಬ್ಬರು ಕೂತಿರುತ್ತಾರೆ, ಮೇಜಿನ ಮೇಲೆ ಮೊದಲೇ ಟೈಪ್ ಮಾಡಿಟ್ಟ ಹಾಳೆ. ‘ನೀವಾಗಿಯೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಕೊಡ್ತೀವಿ, ಎರಡು ತಿಂಗಳ ಸಂಬಳವೂ ಸಿಗುತ್ತೆ. ಇಲ್ಲ ಅಂದರೆ ಟರ್ಮಿನೇಟ್ ಮಾಡಬೇಕಾಗುತ್ತೆ. ಆಮೇಲೆ ಬೇರೆ ಕಡೆ ಕೆಲಸ ಸಿಗೋದು ಕಷ್ಟ’ ಎನ್ನುತ್ತಾರೆ. ಯೋಚಿಸಲು ಹತ್ತು ನಿಮಿಷ. ಮನೆಗೆ ಫೋನ್ ಮಾಡಿ ಕೇಳುವಷ್ಟೂ ಬಿಡುವಿಲ್ಲ. ಸಾಲದ ಕಂತು, ಮಗುವಿನ ಫೀಸು ಎಲ್ಲವೂ ಒಟ್ಟಿಗೇ ತಲೆಯಲ್ಲಿ ಸುತ್ತುತ್ತಿರುವಾಗ ಕೈ ತಾನಾಗಿ ಸಹಿ ಹಾಕಿಬಿಡುತ್ತದೆ.

ಅನ್ಯಾಯವಾಗಿ ಕೆಲಸ ಕಳೆದುಕೊಂಡವರಿಗೆ ನಮ್ಮ ಕಾನೂನು ಕೊಡುವ ರಕ್ಷಣೆ ಕಡಿಮೆಯೇನಲ್ಲ. ಆದರೆ ಅದರಲ್ಲಿ ಬಹುಪಾಲು ಆ ಹತ್ತು ನಿಮಿಷದಲ್ಲೇ ಕೈತಪ್ಪುತ್ತದೆ. ಕಾನೂನು ಕಾಯುವುದು ತೆಗೆದುಹಾಕಲ್ಪಟ್ಟವರನ್ನು; ತಾವಾಗಿಯೇ ಬಿಟ್ಟುಹೋದವರಿಗೆ ಅಲ್ಲಿ ವಿವಾದವೇ ಹುಟ್ಟುವುದಿಲ್ಲ. ಬೆದರಿಸಿ ಬರೆಸಿಕೊಂಡ ರಾಜೀನಾಮೆ ನಿಲ್ಲುವುದಿಲ್ಲ ಎಂದು ಕೋರ್ಟುಗಳು ಹೇಳಿವೆ, ನಿಜ. ಆದರೆ ಬೆದರಿಕೆ ಇತ್ತೆಂದು ರುಜುವಾತು ಮಾಡುವ ಹೊರೆ ಸಹಿ ಹಾಕಿದವರ ಮೇಲೆಯೇ ಬೀಳುತ್ತದೆ. ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಹಾಗಾಗಿ ಓದುಗರಲ್ಲಿ ನನ್ನ ಮೊದಲ ಕೋರಿಕೆ ಇಷ್ಟೇ. ಅಂಥ ಕೋಣೆಯಲ್ಲಿ ಕೂತಾಗ ‘ನನಗೆ ರಾಜೀನಾಮೆ ಕೊಡುವ ಇಷ್ಟವಿಲ್ಲ, ನಿಮ್ಮ ನಿರ್ಧಾರ ಏನಿದ್ದರೂ ಬರಹದಲ್ಲಿ ಕೊಡಿ’ ಎಂದು ಹೇಳಿ ಎದ್ದು ಬನ್ನಿ. ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ ಅದೇ ರಾತ್ರಿ, ತಡವೆಂದರೆ ಮರುದಿನ ಬೆಳಿಗ್ಗೆ, ನಡೆದದ್ದನ್ನು ನಡೆದ ಹಾಗೇ ಬರೆದು ರಾಜೀನಾಮೆ ಹಿಂಪಡೆದಿದ್ದೇನೆಂದು ನಿಮ್ಮ ಸ್ವಂತ ಇಮೇಲ್‌ನಿಂದ ಕಳಿಸಿ. ಮರುದಿನ ಬರೆದ ಪತ್ರವನ್ನು ಕೋರ್ಟು ನಂಬುವಷ್ಟು ಆರು ತಿಂಗಳ ನಂತರ ಬರೆದದ್ದನ್ನು ನಂಬುವುದಿಲ್ಲ.

‘ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೇ ಬರೆದಿದೆಯಲ್ಲ, ಒಂದು ತಿಂಗಳ ನೋಟಿಸು ಕೊಟ್ಟು ಯಾವಾಗ ಬೇಕಾದರೂ ತೆಗೆಯಬಹುದು ಅಂತ’ ಎಂದು ಎಷ್ಟೋ ಮಂದಿ ಸುಮ್ಮನಾಗುತ್ತಾರೆ. ಈ ನಂಬಿಕೆ ಮಾಡಿರುವ ಹಾನಿ ಸಣ್ಣದಲ್ಲ. ಕಾಗದದಲ್ಲಿ ಏನೇ ಬರೆದಿರಲಿ, ಅದು ಕಾಯ್ದೆಯ ಮೇಲೆ ಸವಾರಿ ಮಾಡಲಾಗದು. ಸರ್ಕಾರಿ ಒಡೆತನದ ಕಂಪನಿಯೊಂದು ಮೂರು ತಿಂಗಳ ನೋಟಿಸು ಕೊಟ್ಟು, ಕಾರಣ ಹೇಳದೆ ಕಾಯಂ ನೌಕರರನ್ನು ಕಳಿಸಬಹುದೆಂದು ನಿಯಮ ಮಾಡಿಕೊಂಡಿತ್ತು. ಕಲ್ಕತ್ತೆಯ ಒಳನಾಡು ಜಲಸಾರಿಗೆ ನಿಗಮದ ಆ ನಿಯಮವನ್ನು ಸುಪ್ರೀಂ ಕೋರ್ಟು 1986ರಲ್ಲಿ ಹೊಡೆದುಹಾಕಿತು. ಕೆಲಸ ಬೇಕೆಂದು ಬಂದವನಿಗೂ ಕೆಲಸ ಕೊಡುವವನಿಗೂ ಚೌಕಾಸಿಯಲ್ಲಿ ಸಮಬಲವಿಲ್ಲದಿರುವಾಗ, ಚುಕ್ಕೆಗೆರೆಯ ಮೇಲೆ ಹಾಕಿಸಿಕೊಂಡ ಸಹಿಗೆ ಅಷ್ಟೊಂದು ಬೆಲೆ ಕೊಡಲಾಗದು ಎಂಬುದು ಆ ತೀರ್ಪಿನ ಹುರುಳು.

ಅದು ಸರ್ಕಾರಿ ಕಂಪನಿಯ ಮಾತಾಯಿತು. ಖಾಸಗಿ ಅಂಗಡಿ, ಹೋಟೆಲು, ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಕೈಗೆಟಕುವ ಕಾಯ್ದೆಯೊಂದು ನಮ್ಮಲ್ಲೇ ಇದೆ, ಆದರೆ ಅದರ ಹೆಸರು ಕೇಳಿದವರು ಕಡಿಮೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ 39ನೇ ಕಲಮಿನ ಪ್ರಕಾರ ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕಾರಣವಿದ್ದರೂ ಒಂದು ತಿಂಗಳ ನೋಟಿಸು ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಇಲ್ಲಿ ಕಾರಣ ಮತ್ತು ನೋಟಿಸು ಎರಡೂ ಬೇಕು ಎಂಬುದನ್ನು ಗಮನಿಸಿ. ತಿಂಗಳ ಸಂಬಳ ಕೈಗಿಟ್ಟ ಮಾತ್ರಕ್ಕೆ ಮಾಲೀಕರ ಹೊಣೆ ತೀರುವುದಿಲ್ಲ. ನೋಟಿಸಿಲ್ಲದೆ ಕಳಿಸಬೇಕಾದರೆ ದುರ್ನಡತೆಯ ಬಗ್ಗೆ ವಿಚಾರಣೆ ನಡೆದು, ಸಾಕ್ಷ್ಯ ದಾಖಲಾಗಿರಬೇಕು. ತೆಗೆದುಹಾಕಲ್ಪಟ್ಟವರು ನಿಗದಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಗಡುವಿದೆ, ಕೆಲಸ ಹೋದ ವಾರದಲ್ಲೇ ಲೇಬರ್ ಆಫೀಸಿಗೆ ಹೋಗಿ ವಿಚಾರಿಸಬೇಕು. ಸಂಸ್ಥೆಯ ಆಡಳಿತದ ಸ್ಥಾನದಲ್ಲಿರುವವರು ಈ ಕಾಯ್ದೆಯ ಹೊರಗೆ ಉಳಿಯುತ್ತಾರೆ.

ಇದರ ಜೊತೆಗೆ ಕೇಂದ್ರದ ಕಾನೂನಿದೆ. ಏಳು ದಶಕಕ್ಕೂ ಹೆಚ್ಚು ಕಾಲ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಆ ಜಾಗದಲ್ಲಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಆ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯ ಬಹಳಷ್ಟು ರಕ್ಷಣೆ ಹೊಸದರಲ್ಲೂ ಉಳಿದಿದೆ. ಕೆಲವು ಸಡಿಲಾಗಿವೆ.

ಈ ಸಂಹಿತೆ ಕಾಯುವುದು ‘ಕೆಲಸಗಾರ’ರನ್ನು. ಕೈಕೆಲಸ, ತಾಂತ್ರಿಕ, ಗುಮಾಸ್ತಿಕೆ, ಕಾರ್ಯಾಚರಣೆ, ಹೀಗೆ ಯಾವುದೇ ಕೆಲಸ ಮಾಡುವವರು ಅದರೊಳಗೆ ಬರುತ್ತಾರೆ. ಮ್ಯಾನೇಜರಿಕೆ ಮಾಡುವವರು ಹೊರಗೆ. ಮೇಲ್ವಿಚಾರಣೆಯ ಕೆಲಸದವರ ಸಂಬಳ ತಿಂಗಳಿಗೆ 18,000 ರೂಪಾಯಿ ದಾಟಿದ್ದರೆ ಅವರೂ ಹೊರಗೆ. ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ: ಸಂಬಳ ಹೆಚ್ಚಿದ್ದರೆ ಕಾರ್ಮಿಕ ಕಾನೂನು ಅನ್ವಯಿಸದು ಎಂದು. ಆ 18,000ದ ಗೆರೆ ಮೇಲ್ವಿಚಾರಣೆ ಮಾಡುವವರಿಗಷ್ಟೇ. ತಾನೇ ಕೂತು ಕೋಡ್ ಬರೆಯುವ, ಯಂತ್ರ ನಡೆಸುವ, ಲೆಕ್ಕ ಬರೆಯುವ ವ್ಯಕ್ತಿಗೆ ಅಂಥ ಮಿತಿ ಇಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ‘ಅಸಿಸ್ಟೆಂಟ್ ಮ್ಯಾನೇಜರ್’ ಎಂದಿದ್ದರೂ ಕೋರ್ಟು ಕೇಳುವುದು ದಿನವಿಡೀ ಮುಖ್ಯವಾಗಿ ಮಾಡುತ್ತಿದ್ದ ಕೆಲಸ ಯಾವುದು ಎಂದು. ಕೈಕೆಳಗೆ ಜನ ಇದ್ದರೇ, ಅವರಿಗೆ ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಹೂಡುವ ಅಧಿಕಾರ ಇತ್ತೇ, ಇವೇ ಪ್ರಶ್ನೆಗಳು.

ಈ ರಕ್ಷಣೆ ಸಿಗಬೇಕಾದರೆ ದುಡಿಯುವ ಸಂಸ್ಥೆಯೂ ‘ಉದ್ಯಮ’ವಾಗಿರಬೇಕು. ಯಾವ ಸಂಸ್ಥೆ ಹಾಗೆ ಎನಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ದೇಶಕ್ಕೇ ಉತ್ತರ ಹೋದದ್ದು ಬೆಂಗಳೂರಿನಿಂದ. ಜಲಮಂಡಳಿಯ ನೌಕರರ ಪ್ರಕರಣದಲ್ಲಿ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ನ್ಯಾಯಮೂರ್ತಿ ವಿ.ಆರ್‌. ಕೃಷ್ಣ ಅಯ್ಯರ್ ಬರೆದ ಮುಖ್ಯ ತೀರ್ಪಿನಲ್ಲಿ, ಲಾಭದ ಉದ್ದೇಶ ಇಲ್ಲದಿದ್ದರೂ ಮಾಲೀಕ ಮತ್ತು ನೌಕರರು ಸೇರಿ ವ್ಯವಸ್ಥಿತವಾಗಿ ಸರಕು ಅಥವಾ ಸೇವೆ ಒದಗಿಸುವ ಚಟುವಟಿಕೆಯೆಲ್ಲ ಉದ್ಯಮವೇ ಎಂದಿತು. ಆಸ್ಪತ್ರೆ, ಕ್ಲಬ್ಬು, ಶಿಕ್ಷಣ ಸಂಸ್ಥೆಗಳ ಸಿಬ್ಬಂದಿಗೂ ಆಗ ಬಾಗಿಲು ತೆರೆಯಿತು. ಹೊಸ ಸಂಹಿತೆ ದತ್ತಿ ಮತ್ತು ಸಮಾಜಸೇವೆಯ ಸಂಸ್ಥೆಗಳನ್ನೂ ಮನೆಗೆಲಸವನ್ನೂ ಈ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇದು ಹಿಂದಕ್ಕೆ ಇಟ್ಟ ಹೆಜ್ಜೆ ಎಂದೇ ನನ್ನ ಎಣಿಕೆ. ದತ್ತಿ ಸಂಸ್ಥೆಯ ಅಡುಗೆಯವರಿಗೂ ಆಯಾಗಳಿಗೂ ಹೊಟ್ಟೆಪಾಡು ಬೇರೆಯವರಿಗಿಂತ ಭಿನ್ನವಲ್ಲ.

ಸಂಹಿತೆಯ ಆಚೆಗೂ ದಾರಿಗಳಿವೆ. ಸರ್ಕಾರಿ ನೌಕರರಿಗೆ ಸಂವಿಧಾನದ 311ನೇ ವಿಧಿ, 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ಮತ್ತು ರಾಜ್ಯ ಆಡಳಿತ ನ್ಯಾಯಮಂಡಳಿ ಇವೆ. ಶಿಕ್ಷಕರು ‘ಕೆಲಸಗಾರ’ರಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ, ಆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಗೆ ಒಳಪಟ್ಟ ಖಾಸಗಿ ಶಾಲೆಯ ಮೇಷ್ಟ್ರು, ಮೇಡಮ್ಮುಗಳು ವಜಾ ಆದೇಶದ ವಿರುದ್ಧ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಿಜಕ್ಕೂ ಮ್ಯಾನೇಜರ್ ಆಗಿದ್ದ ಖಾಸಗಿ ನೌಕರರಿಗೆ ಉಳಿಯುವುದು ಸಿವಿಲ್ ಕೋರ್ಟು. ಅಲ್ಲಿ ಒಪ್ಪಂದ ಮುರಿದದ್ದಕ್ಕೆ ಪರಿಹಾರದ ಹಣ ಸಿಗಬಹುದು, ಕೆಲಸ ಮರಳಿ ಸಿಗುವುದಿಲ್ಲ.

ಈಗ ವಿಚಾರಣೆಯ ಮಾತು. ಕಳ್ಳತನ, ಜಗಳ, ಆದೇಶ ಉಲ್ಲಂಘನೆ, ಏನೇ ಆರೋಪವಿರಲಿ, ಆಪಾದನೆ ಏನೆಂದು ಲಿಖಿತವಾಗಿ ತಿಳಿಸಬೇಕು. ಉತ್ತರಿಸಲು ಅವಕಾಶ ಕೊಡಬೇಕು. ಆಪಾದನೆ ಹೊರಿಸಿದವರೇ ತೀರ್ಪುಗಾರರಾಗಬಾರದು. ಸಾಕ್ಷಿಗಳನ್ನು ನೌಕರನ ಎದುರೇ ಕೇಳಬೇಕು, ಅವರನ್ನು ಪಾಟೀ ಸವಾಲು ಮಾಡಲು ಬಿಡಬೇಕು. ಕಾಗದದ ಮೇಲೆ ಇವೆಲ್ಲ ನಡೆದಂತೆ ತೋರಿಸುವುದು ಸುಲಭ. ನಿಜಕ್ಕೂ ನಡೆಯಿತೇ ಎಂದು ಕೋರ್ಟು ಎಷ್ಟು ಆಳಕ್ಕೆ ಇಳಿದು ನೋಡಬಲ್ಲದು ಎಂಬುದಕ್ಕೆ ಕೋಲಾರದ ಚಿನ್ನದ ಗಣಿಯ ಪ್ರಕರಣವೊಂದಿದೆ.

ಕೆ.ಜಿ.ಎಫ್‌.ನ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿಯಾಗಿದ್ದವರ ಮನೆಯ ಮೇಲೆ 1985ರಲ್ಲಿ ಪೊಲೀಸರು ದಾಳಿ ನಡೆಸಿ, ಚಿನ್ನದ ಚಿಕ್ಕ ಉಂಡೆಯೂ ಚಿನ್ನ ಬೆರೆತ ಮರಳೂ ಸಿಕ್ಕಿತೆಂದರು. ಅವರನ್ನು ಅಮಾನತು ಮಾಡಲಾಯಿತು. ಕ್ರಿಮಿನಲ್ ಮೊಕದ್ದಮೆ ಒಂದು ಕಡೆ, ಕಂಪನಿಯ ಇಲಾಖಾ ವಿಚಾರಣೆ ಇನ್ನೊಂದು ಕಡೆ. ಅಮಾನತಿನಲ್ಲಿರುವವರಿಗೆ ಕೊಡಬೇಕಾದ ಜೀವನಾಧಾರ ಭತ್ಯೆ ಕೈಗೆ ಬರಲಿಲ್ಲ. ಅವರು ಕೇರಳದ ತಮ್ಮ ಊರಿಗೆ ಹೋಗಿದ್ದರು. ಅಲ್ಲಿಂದ ಗಣಿಗೆ ಬಂದು ವಿಚಾರಣೆಗೆ ಹಾಜರಾಗಲು ಕೈಯಲ್ಲಿ ಕಾಸಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿದು 1986ರಲ್ಲಿ ವಜಾ ಆದರು. ಮರುವರ್ಷ ಕ್ರಿಮಿನಲ್ ಕೋರ್ಟು, ಆ ದಾಳಿಯೇ ರುಜುವಾತಾಗಲಿಲ್ಲವೆಂದು ಅವರನ್ನು ಖುಲಾಸೆ ಮಾಡಿತು. ಕಂಪನಿ ಜಗ್ಗಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟು ವಜಾ ಆದೇಶವನ್ನು ರದ್ದುಗೊಳಿಸಿತು. ಭತ್ಯೆ ಕೊಡದೆ, ಬರಲಾಗದ ಸ್ಥಿತಿಗೆ ತಳ್ಳಿ, ಬರಲಿಲ್ಲವೆಂದು ಏಕಪಕ್ಷೀಯವಾಗಿ ವಿಚಾರಣೆ ಮುಗಿಸಿದರೆ ಅದು ವಿಚಾರಣೆಯೇ ಅಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ಆಧಾರವಾಗಿತ್ತು. ಅಮಾನತಾದ ಮನುಷ್ಯನಿಗೂ ಬದುಕುವ ಹಕ್ಕಿದೆ, ಮನೆಮಂದಿಗೆ ಊಟ ಹಾಕಬೇಕಾಗಿದೆ ಎಂಬ ಸರಳ ಸತ್ಯವನ್ನು ಆ ತೀರ್ಪು ಕಾನೂನಿನ ಭಾಷೆಯಲ್ಲಿ ಹೇಳಿತು. ನ್ಯಾಯ ಸಿಕ್ಕಿತು, ಆದರೆ ಅಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು.

ಹೊಸ ಸಂಹಿತೆ ಈ ಭತ್ಯೆಯನ್ನು ಸ್ಪಷ್ಟವಾಗಿ ಬರೆದಿದೆ: ಅಮಾನತಿನ ಮೊದಲ 90 ದಿನ ಅರ್ಧ ವೇತನ, ನೌಕರನ ತಪ್ಪಿಲ್ಲದೆ ವಿಚಾರಣೆ ಇನ್ನೂ ಎಳೆದರೆ ಮುಕ್ಕಾಲು. ಭತ್ಯೆ ಬರುತ್ತಿಲ್ಲವಾದರೆ ಸುಮ್ಮನಿರದೆ ಪ್ರತಿ ತಿಂಗಳೂ ಬರೆದು ಕೇಳಿ. ಆ ಪತ್ರಗಳೇ ಮುಂದೆ ಸಾಕ್ಷ್ಯ.

ರಜೆ ಹೇಳದೆ ಎಂಟು ದಿನ ಮೀರಿ ಬಾರದವರ ಕೆಲಸ ತಾನಾಗಿ ಹೋಯಿತು ಎಂದು ಕಂಪನಿಯ ಸ್ಥಾಯಿ ಆದೇಶದಲ್ಲೇ (ನೌಕರಿಯ ನಿಯಮಾವಳಿಯಲ್ಲೇ) ಬರೆದಿದ್ದ ಪ್ರಕರಣವೂ ಇದೆ. ಹಾಗೆ ತಾನಾಗಿ ಯಾವುದೂ ಹೋಗುವುದಿಲ್ಲ, ಅಲ್ಲೂ ವಿಚಾರಣೆ ಬೇಕು ಎಂದು 1993ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಾಯಿಗೆ ಆಪರೇಷನ್ ಆಯಿತೆಂದು ಊರಿಗೆ ಹೋಗಿ, ಮರಳಿದಾಗ ಗೇಟಿನಲ್ಲಿ ವಾಚ್‌ಮನ್ ತಡೆದು ನಿಲ್ಲಿಸಿದ ಎಷ್ಟೋ ಕಾರ್ಮಿಕರಿಗೆ ಈ ತೀರ್ಪು ಗೊತ್ತಿರಬೇಕಾಗಿತ್ತು. ತಪ್ಪು ನಿಜವಾಗಿದ್ದು ಶಿಕ್ಷೆ ವಿಪರೀತವಾದರೂ ಪರಿಹಾರವಿದೆ. ಕೈಗಾರಿಕಾ ನ್ಯಾಯಮಂಡಳಿ ವಜಾವನ್ನು ಬದಿಗೊತ್ತಿ ವೇತನ ಬಡ್ತಿ ತಡೆಯಂಥ ಸಣ್ಣ ಶಿಕ್ಷೆಗೆ ಇಳಿಸಬಹುದು. 1971ರಲ್ಲಿ ಹಳೆಯ ಕಾಯ್ದೆಗೆ ಸೇರಿದ ಈ ಅಧಿಕಾರ ಹೊಸದರಲ್ಲೂ ಇದೆ.

ಇನ್ನೊಂದು ಬಗೆಯ ವಜಾದಲ್ಲಿ ನೌಕರನ ತಪ್ಪೇನೂ ಇರುವುದಿಲ್ಲ. ಆರ್ಡರು ಕಡಿಮೆಯಾಯಿತು, ಪ್ರಾಜೆಕ್ಟು ಮುಗಿಯಿತು, ಜನ ಹೆಚ್ಚಾದರು ಎನ್ನುತ್ತಾರೆ. ಇಲ್ಲಿ ವಿಚಾರಣೆ ಬೇಕಿಲ್ಲ, ಆದರೆ ಲೆಕ್ಕ ಚುಕ್ತಾ ಆಗಲೇಬೇಕು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರು ಒಂದು ವರ್ಷದ ಸತತ ಸೇವೆ ಮಾಡಿದಂತೆ. ಅಂಥವರಿಗೆ ಕಾರಣ ತಿಳಿಸಿ ಒಂದು ತಿಂಗಳ ನೋಟಿಸು ಅಥವಾ ಅದರ ವೇತನ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರವನ್ನೂ ಕೊಡಬೇಕು. ಕೊನೆಯ ವರ್ಷದ ತುಣುಕು ಆರು ತಿಂಗಳು ದಾಟಿದರೆ ಅದೂ ಪೂರ್ತಿ ವರ್ಷವೇ. ಉದಾಹರಣೆಗೆ, ಪೀಣ್ಯದ ಒಂದು ಘಟಕದಲ್ಲಿ ಏಳು ವರ್ಷ ಎಂಟು ತಿಂಗಳು ದುಡಿದ, ತಿಂಗಳಿಗೆ 18,000 ವೇತನದ ಒಬ್ಬ ಟರ್ನರ್ ಇದ್ದಾರೆನ್ನಿ. ಸೇವೆ ಎಂಟು ವರ್ಷವೆಂದು ಲೆಕ್ಕ. ಪರಿಹಾರ ಸುಮಾರು 72,000. ನೋಟಿಸಿನ ಬಾಬ್ತು 18,000. ಗ್ರ್ಯಾಚುಟಿ ತಿಂಗಳಿಗೆ 26 ದಿನದ ಲೆಕ್ಕದಲ್ಲಿ 83,077. ಹೊಸ ಸಂಹಿತೆಯ ಮರುಕೌಶಲ ನಿಧಿಯಿಂದ 15 ದಿನದ ವೇತನ, ಅಂದರೆ ಇನ್ನೊಂದು 9,000 ಸುಮಾರು. ಎಲ್ಲ ಕೂಡಿದರೆ ಒಂದು ಲಕ್ಷ ಎಂಬತ್ತೆರಡು ಸಾವಿರ. ಪಿ.ಎಫ್‌. ಬೇರೆ. ‘ಎರಡು ತಿಂಗಳ ಸಂಬಳ ಕೊಡ್ತೀವಿ, ರಾಜೀನಾಮೆ ಬರೆದುಕೊಡಿ’ ಎಂದಾಗ, ಹೇಗೂ ಸಿಗಬೇಕಾದ ಗ್ರ್ಯಾಚುಟಿ ಬಿಟ್ಟರೆ, ಎದುರಿಗೆ ಬರುವುದು 36,000. ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಸಹಿ ಹಾಕುವುದೋ ಬಿಡುವುದೋ ನಿರ್ಧರಿಸಬೇಕು. ವೇತನ ಸಂಹಿತೆಯ ಪ್ರಕಾರ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಕೈಸೇರಬೇಕು. ‘ಫುಲ್ ಅಂಡ್ ಫೈನಲ್‌ಗೆ 45 ದಿನ ಕಾಯಿರಿ’ ಎಂಬ ರೂಢಿಗೆ ಈಗ ಕಾನೂನಿನ ಆಸರೆಯಿಲ್ಲ.

ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಹತ್ತು ವರ್ಷದ ಅನುಭವಿಯನ್ನು ಕಳಿಸಿ ಹೊಸಬರನ್ನು ಉಳಿಸಿಕೊಂಡರೆ ಕಾರಣ ಬರೆದಿಡಬೇಕು. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದುಹಾಕಿದವರಿಗೇ ಮೊದಲು ಕರೆ ಹೋಗಬೇಕು. ದೊಡ್ಡ ಕಾರ್ಖಾನೆ, ಗಣಿ, ತೋಟಗಳಲ್ಲಿ ಜನರನ್ನು ಕಡಿತ ಮಾಡಲು ಸರ್ಕಾರದ ಮುಂಚಿತ ಅನುಮತಿ ಬೇಕು. ಹಳೆಯ ಕೇಂದ್ರ ಕಾಯ್ದೆಯಲ್ಲಿ ಈ ಕಟ್ಟು 100 ಕೆಲಸಗಾರರಿಂದ ಶುರುವಾಗುತ್ತಿತ್ತು. ಈಗ 300ಕ್ಕೆ ಏರಿದೆ. ಐಟಿ ಕ್ಯಾಂಪಸ್ಸಿನಲ್ಲಿ ಸಾವಿರಾರು ಜನರಿದ್ದರೂ ಅದು ಕಾರ್ಖಾನೆಯೂ ಅಲ್ಲ, ಗಣಿಯೂ ಅಲ್ಲ. ಹಾಗಾಗಿ ಈ ಅನುಮತಿಯ ಮಾತೇ ಬರುವುದಿಲ್ಲ. ನಿಗದಿತ ಅವಧಿಯ ಕಾಂಟ್ರ್ಯಾಕ್ಟು ಮುಗಿದು ಮನೆಗೆ ಹೋಗುವವರು ಕಡಿತದ ಪರಿಹಾರವನ್ನೂ ಕೇಳುವಂತಿಲ್ಲ. ನೂರಾರು ಜನರ ಸಂಬಳ ಒಂದೇ ದಿನ ನಿಲ್ಲಿಸುವ ನಿರ್ಧಾರವನ್ನು ಯಾರೂ ಪ್ರಶ್ನಿಸದಂತೆ ಮಾಡುವುದನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಟ್ಟಾಗಿ ನಿಂತರೆ ಏನಾಗಬಹುದು ಎಂಬುದಕ್ಕೆ ಶ್ರೀರಂಗಪಟ್ಟಣ ಸಾಕ್ಷಿ. 2020ರ ಜೂನ್‌ನಲ್ಲಿ ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ 1,200ಕ್ಕೂ ಹೆಚ್ಚು ಜನ, ಬಹುತೇಕ ಹೆಣ್ಣುಮಕ್ಕಳು, ಲಾಕ್‌ಡೌನಿನ ಬೆನ್ನಲ್ಲೇ ಕೆಲಸ ಕಳೆದುಕೊಂಡರು. ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕೂತರು. ಅವರ ಯೂನಿಯನ್ ಕಾನೂನಿನ ದಾರಿಯನ್ನೂ ಹಿಡಿಯಿತು, ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡಿನ ಬಾಗಿಲನ್ನೂ ತಟ್ಟಿತು. 2021ರ ಆರಂಭದಲ್ಲಿ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಒಪ್ಪಂದವಾಯಿತು.

ಒಬ್ಬರೇ ಹೋರಾಡುವವರು ಮೊದಲು ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ರಾಜಿ ಸಂಧಾನ ಅಧಿಕಾರಿಯ ಬಳಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಉಳಿದೆಡೆ ಜಿಲ್ಲೆಯ ಲೇಬರ್ ಆಫೀಸು. ಯೂನಿಯನ್ ಇರಲೇಬೇಕೆಂದಿಲ್ಲ, ಒಬ್ಬರ ವಜಾ ಕೂಡ ಕಾನೂನಿನ ಕಣ್ಣಲ್ಲಿ ಕೈಗಾರಿಕಾ ವಿವಾದವೇ. ಹಳೆಯ ಕಾಯ್ದೆ ಮೂರು ವರ್ಷ ಕಾಲಾವಕಾಶ ಕೊಟ್ಟಿತ್ತು. ಹೊಸದು ಎರಡೇ ವರ್ಷ ಕೊಡುತ್ತದೆ. ಅಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಒಪ್ಪಂದ ಆಗದಿದ್ದರೆ 45 ದಿನದೊಳಗೆ ವರದಿ ಕೊಡಬೇಕು. ವರದಿ ಸಿಕ್ಕಿದ 90 ದಿನದೊಳಗೆ ನೀವೇ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಈ 90 ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ವಕೀಲರ ಫೀಸಿಗೆ ಹೆದರಿ ಹಿಂದೆ ಸರಿಯುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರು, ಎಲ್ಲ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಈ ಪ್ರಾಧಿಕಾರದ ಕಚೇರಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಹೋಗುವಾಗ ಕೈಯಲ್ಲಿ ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್ಪು, ಪಿ.ಎಫ್‌. ಪಾಸ್‌ಬುಕ್ಕಿನ ಪ್ರಿಂಟು, ಬ್ಯಾಂಕ್ ಸ್ಟೇಟ್‌ಮೆಂಟ್, ಐಡಿ ಕಾರ್ಡಿನ ಫೋಟೊ ಇರಲಿ. ಪತ್ರವೇ ಕೊಡದ ಮಾಲೀಕರ ಬಳಿ ದುಡಿದವರಿಗೆ ಇ.ಎಸ್‌.ಐ. ಕಾರ್ಡು, ಹಾಜರಿಯ ವಾಟ್ಸ್‌ಆ್ಯಪ್ ಸಂದೇಶ ಕೂಡ ಉಪಯೋಗಕ್ಕೆ ಬರುತ್ತವೆ. ಆಫೀಸಿನ ಇಮೇಲ್ ಬಂದ್ ಮಾಡುವುದೇ ಕಂಪನಿಯ ಮೊದಲ ಕೆಲಸ, ಆದ್ದರಿಂದ ನಿಮ್ಮ ಸಂಬಳ ಮತ್ತು ನೇಮಕಕ್ಕೆ ಸೇರಿದ ಕಾಗದಗಳ ಪ್ರತಿಗಳನ್ನು ಕೆಲಸದಲ್ಲಿರುವಾಗಲೇ ಮನೆಯಲ್ಲಿಟ್ಟುಕೊಳ್ಳಿ. ಕಂಪನಿಯ ಗುಟ್ಟಿನ ಕಡತಗಳನ್ನು ಮಾತ್ರ ಮುಟ್ಟಬೇಡಿ, ಅದೇ ಹೊಸ ಆರೋಪವಾಗುತ್ತದೆ.

ಗೆದ್ದರೆ ಸಿಗುವುದೇನು? ಮರಳಿ ಕೆಲಸ, ಸೇವೆಯ ಮುಂದುವರಿಕೆ, ಹಿಂಬಾಕಿ ವೇತನ. ತಪ್ಪಾಗಿ ತೆಗೆದುಹಾಕಿದ್ದು ಖಚಿತವಾದರೆ ಹಿಂಬಾಕಿ ವೇತನ ಕೊಡುವುದೇ ಸಾಮಾನ್ಯ ನಿಯಮ ಎಂದು 2013ರಲ್ಲಿ ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ‘ಈ ಅವಧಿಯಲ್ಲಿ ನನಗೆ ಬೇರೆ ಆದಾಯವಿರಲಿಲ್ಲ’ ಎಂದು ಅರ್ಜಿಯಲ್ಲೇ ಬರೆಯಬೇಕು. ಬರೆದರೆ, ಆದಾಯವಿತ್ತೆಂದು ತೋರಿಸುವ ಹೊಣೆ ಮಾಲೀಕರದಾಗುತ್ತದೆ. ಈ ಒಂದು ಸಾಲು ಬಿಟ್ಟುಹೋಗಿ ವರ್ಷಗಟ್ಟಲೆ ಸಂಬಳ ಕಳೆದುಕೊಳ್ಳುವುದು ಅನ್ಯಾಯ. ಅರ್ಜಿಗೆ ಸಹಿ ಹಾಕುವ ಮೊದಲು ಅದು ಇದೆಯೇ ಎಂದು ವಕೀಲರನ್ನು ಕೇಳಿ. ದಿನಗೂಲಿಯವರಿಗೆ ಕೆಲಸದ ಬದಲು ಇಡಿಗಂಟಿನ ಪರಿಹಾರ ಕೊಡುವ ಪ್ರವೃತ್ತಿ ಕೋರ್ಟುಗಳಲ್ಲಿ ಹೆಚ್ಚಿದೆ. ಮಾಲೀಕರು ಹೈಕೋರ್ಟಿಗೆ ಹೋದರೆ, ಮರುನೇಮಕದ ಆದೇಶ ಪಡೆದ ಕೆಲಸಗಾರನಿಗೆ ಬೇರೆ ಕೆಲಸವಿಲ್ಲದಿದ್ದಲ್ಲಿ, ಕೇಸು ನಡೆಯುವಷ್ಟು ಕಾಲ ಕೊನೆಯ ಸಂಬಳದ ಮೊತ್ತವನ್ನು ತಿಂಗಳು ತಿಂಗಳು ಕೊಡುತ್ತಿರಬೇಕು. ಎಳೆದಾಡಿ ಸುಸ್ತು ಮಾಡುವ ಆಟಕ್ಕೆ ಕಾನೂನು ಹಾಕಿದ ತಡೆ ಇದು. ಇದನ್ನು ಕೇಳಿ ಪಡೆಯಬೇಕು.

ಗರ್ಭಿಣಿ ಅಥವಾ ಬಾಣಂತಿ ರಜೆಯಲ್ಲಿದ್ದಾಗ ತೆಗೆದುಹಾಕುವುದು ನೇರವಾಗಿ ಕಾನೂನುಬಾಹಿರ. ದೂರಿಗೆ 60 ದಿನದ ಗಡುವಿದೆ.

ಬೈಕಿನ ಮೇಲೆ ಊಟ ತಲುಪಿಸುವ ಹುಡುಗರು ಇಷ್ಟು ದಿನ ಈ ಯಾವ ಬಾಗಿಲೊಳಗೂ ಇರಲಿಲ್ಲ. ಬೆಳಿಗ್ಗೆ ಆ್ಯಪ್ ತೆರೆದರೆ ಐಡಿ ಬ್ಲಾಕ್, ಕೇಳಲು ಎದುರಿಗೆ ಒಬ್ಬ ಮನುಷ್ಯನೂ ಇಲ್ಲ. 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಇದನ್ನು ಸ್ವಲ್ಪ ಬದಲಿಸಿದೆ. ಲಿಖಿತ ಕಾರಣ ಮತ್ತು 14 ದಿನದ ಮುನ್ಸೂಚನೆ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ ಎಂದಿದೆ, ದೂರು ಕೇಳಲು ಕಂಪನಿಯೊಳಗೇ ವ್ಯವಸ್ಥೆ ಇರಬೇಕೆಂದಿದೆ. ಗಂಭೀರ ಹಲ್ಲೆಯಂಥ ಪ್ರಸಂಗಗಳಿಗೆ ಮಾತ್ರ ವಿನಾಯಿತಿ. ಐಡಿ ಬ್ಲಾಕ್ ಆದವರು ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಕಾರಣ ಕೇಳಿ ಆ್ಯಪ್‌ನಲ್ಲೂ ಇಮೇಲ್‌ನಲ್ಲೂ ಅಂದೇ ಬರೆಯಲಿ. ಉತ್ತರ ಬಾರದಿದ್ದರೆ ಆ ಎರಡು ಕಾಗದ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಲಿ.